ಉಕ್ಕಿನ ತೋಳಿನ ಹುಡುಗ

1963ನೆಯ ಇಸವಿಯ ಜನವರಿ 1, ಮಂಗಳವಾರ. ಜಪಾನಿನಲ್ಲಿ ವರ್ಷದ ಮೊದಲ ದಿನವೆಂದರೆ ದೊಡ್ಡ ಹಬ್ಬ. ಮನೆಮಂದಿಯೆಲ್ಲ ಒಂದೆಡೆ ಸೇರುತ್ತಾರೆ, ಅಕ್ಕಿಯನ್ನು ಕುಟ್ಟಿ ಮಾಡಿದ ‘ಮೋಚಿ’ಯನ್ನು ತಿನ್ನುತ್ತಾರೆ, ಹಿರಿಯರು ಮಕ್ಕಳ ಕೈಗೆ ಹಬ್ಬದ ಕಾಸನ್ನು ಇಡುತ್ತಾರೆ. ಆ ದಿನ ಸಂಜೆ ಫ್ಯೂಜಿ ಟೆಲಿವಿಷನ್ನಿನ ಪರದೆಯ ಮೇಲೆ ಕಪ್ಪು ಬಿಳುಪಿನ ಪುಟ್ಟ ಹುಡುಗನೊಬ್ಬ ಕಾಣಿಸಿಕೊಂಡನು. ತಲೆಯ ಮೇಲೆ ಕೊಂಬಿನಂತೆ ಚೂಪಾಗಿ ನಿಂತ ಎರಡು ಕೂದಲ ಕುಚ್ಚು, ಅಗಲವಾದ ಕಣ್ಣುಗಳು, ಸೊಂಟಕ್ಕೊಂದು ಚಡ್ಡಿ, ಕಾಲಿಗೆ ಬೂಟು. ನೋಡನೋಡುತ್ತಿದ್ದಂತೆ ಅವನು ಕಾಲಿನಿಂದ ಬೆಂಕಿಯನ್ನು ಚಿಮ್ಮಿಸುತ್ತ ಆಕಾಶಕ್ಕೆ ಹಾರಿದನು.

ಈ ಹುಡುಗನ ಹೆಸರು ಆಟಂ. ಕಾರ್ಯಕ್ರಮದ ಹೆಸರು ‘ತೆತ್ಸುವಾನ್ ಆಟಂ’, ಎಂದರೆ ‘ಉಕ್ಕಿನ ತೋಳಿನ ಆಟಂ’. ಇಂದು ‘ಅನಿಮೆ’ ಎಂಬ ಹೆಸರಿನಿಂದ ಜಗತ್ತಿನ ಮೂಲೆಮೂಲೆಯ ಮಕ್ಕಳನ್ನು ಮರುಳುಗೊಳಿಸಿರುವ ಜಪಾನೀ ಚಿತ್ರೋದ್ಯಮದ ಟೆಲಿವಿಷನ್ ಬದುಕು ನಿಜವಾಗಿ ಆರಂಭವಾದದ್ದು ಆ ಸಂಜೆ. ಕೆಲವೇ ನಿಮಿಷಗಳ ಚಿಕ್ಕ ಚಿತ್ರಗಳು ಅದಕ್ಕೆ ಮೊದಲೂ ಜಪಾನಿನ ಟೆಲಿವಿಷನ್ನಿನಲ್ಲಿ ಬಂದಿದ್ದವು. ಆದರೆ ವಾರವಾರವೂ ತಪ್ಪದೆ ಅರ್ಧ ಗಂಟೆ ಒಂದೇ ನಾಯಕನ ಕಥೆಯನ್ನು ಚಲಿಸುವ ಚಿತ್ರಗಳಲ್ಲಿ ಹೇಳುವ ಸಾಹಸ ಅಲ್ಲಿ ಅದೇ ಮೊದಲು. ಆ ಸಾಹಸ ಗೆದ್ದಿತು. ಆದರೆ ಆ ಗೆಲುವಿಗೆ ತೆತ್ತ ಬೆಲೆಯೇನು, ತೆತ್ತವರು ಯಾರು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಆ ಉದ್ಯಮವನ್ನು ಬಿಟ್ಟಿಲ್ಲ.

ವೈದ್ಯನಾಗಬೇಕಾಗಿದ್ದ ಚಿತ್ರಕಾರ

ಆಟಂನನ್ನು ಸೃಷ್ಟಿಸಿದವರು ಒಸಾಮು ತೆಜುಕಾ. ಜನನ 1928ರ ನವೆಂಬರ್ 3ರಂದು, ಒಸಾಕಾ ಸಮೀಪದ ಟೊಯೊನಾಕಾದಲ್ಲಿ. ಬೆಳೆದದ್ದು ಸಂಗೀತ ನಾಟಕಕ್ಕೆ ಹೆಸರಾದ ತಕರಾಜುಕಾ ಪಟ್ಟಣದಲ್ಲಿ. ತಂದೆಯ ಬಳಿ ಸಣ್ಣದೊಂದು ಚಲನಚಿತ್ರ ಯಂತ್ರವಿತ್ತು. ಮನೆಯ ಗೋಡೆಯ ಮೇಲೆ ಅಮೆರಿಕದ ಕಾರ್ಟೂನು ಚಿತ್ರಗಳನ್ನು ನೋಡುತ್ತ ಹುಡುಗ ಬೆಳೆದನು. ಅವನಿಗೆ ಇದ್ದ ಇನ್ನೊಂದು ಹುಚ್ಚು ಕೀಟಗಳದು. ತನ್ನ ಹೆಸರಿನ ಬರವಣಿಗೆಯಲ್ಲಿ ‘ಹುಳು’ ಎಂಬರ್ಥದ ‘ಮುಶಿ’ ಎಂಬ ಅಕ್ಷರವನ್ನು ತಾನೇ ಸೇರಿಸಿಕೊಂಡನೆಂದರೆ ಆ ಹುಚ್ಚಿನ ಆಳವನ್ನು ಊಹಿಸಬಹುದು.

ಯುದ್ಧದ ದಿನಗಳು ಬಂದವು. ಶಾಲೆಯ ಹುಡುಗರನ್ನೂ ಕಾರ್ಖಾನೆಗಳಿಗೆ ಕಳುಹಿಸಲಾಗುತ್ತಿತ್ತು. ಒಸಾಕಾ ನಗರದ ಮೇಲೆ ಬಿದ್ದ ಬಾಂಬುಗಳನ್ನು ತೆಜುಕಾ ಕಣ್ಣಾರೆ ಕಂಡರು. 1945ರ ಏಪ್ರಿಲಿನಲ್ಲಿ, ಸುತ್ತಲೂ ಊರು ಸುಟ್ಟು ಬಿದ್ದಿದ್ದಾಗ, ಉಳಿದುಕೊಂಡಿದ್ದ ಒಂದು ಚಿತ್ರಮಂದಿರದಲ್ಲಿ ಅವರು ಒಂದು ಕಾರ್ಟೂನು ಚಿತ್ರವನ್ನು ನೋಡಿದರು. ಅದು ನೌಕಾಪಡೆಯ ಪ್ರಚಾರಕ್ಕಾಗಿ ತಯಾರಾದ ಮೊಮೊತಾರೊ ಕಥೆ. ಮಂದಿರದಲ್ಲಿ ಜನರೇ ಇರಲಿಲ್ಲ. ಆದರೂ ಹದಿನಾರರ ಆ ಹುಡುಗ ಅತ್ತನು. ಎಂದಾದರೂ ಒಂದು ದಿನ ತಾನೂ ಇಂಥ ಚಿತ್ರವನ್ನು ಮಾಡುವೆನೆಂದು ನಿಶ್ಚಯಿಸಿದನು.

ಬಾಲ್ಯದಲ್ಲಿ ಎರಡೂ ತೋಳುಗಳಿಗೆ ತಗುಲಿದ್ದ ಕೆಟ್ಟ ಸೋಂಕನ್ನು ವಾಸಿ ಮಾಡಿದ ವೈದ್ಯರ ಮೇಲಿನ ಕೃತಜ್ಞತೆಯಿಂದ ಅವರು ಒಸಾಕಾದಲ್ಲಿ ವೈದ್ಯಶಾಸ್ತ್ರದ ಓದಿಗೆ ಸೇರಿದ್ದರು. ಓದಿನ ನಡುವೆಯೇ ಚಿತ್ರಕಥೆಗಳನ್ನು ಬರೆದರು. 1947ರಲ್ಲಿ ಹೊರಬಂದ ‘ಹೊಸ ನಿಧಿ ದ್ವೀಪ’ ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ಸ್ಟೆತಸ್ಕೋಪು ಹಿಡಿಯುವುದೋ, ಕುಂಚ ಹಿಡಿಯುವುದೋ? ದಾರಿ ಕಾಣದೆ ಮಗ ತಾಯಿಯನ್ನು ಕೇಳಿದನು. ನಿನಗೆ ನಿಜವಾಗಿ ಯಾವುದು ಇಷ್ಟವೋ ಅದನ್ನೇ ಮಾಡು ಎಂದು ಆ ತಾಯಿ ಹೇಳಿದಳು. ವೈದ್ಯವೃತ್ತಿಯೆಂದರೆ ಜೀವನಕ್ಕೆ ಭದ್ರ ಬುನಾದಿ, ಚಿತ್ರ ಬರೆಯುವುದೆಂದರೆ ಹೊಟ್ಟೆಗಿಲ್ಲದ ಹವ್ಯಾಸ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಬಂದ ಮಾತು ಅದು. ತೆಜುಕಾ ಪದವಿಯನ್ನೂ ಪಡೆದರು, ವೈದ್ಯ ಪರವಾನಗಿಯನ್ನೂ ಪಡೆದರು. 1961ರಲ್ಲಿ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದರು. ಆದರೆ ಹೊಟ್ಟೆಪಾಡಿಗಾಗಿ ಎಂದೂ ರೋಗಿಯ ನಾಡಿ ಹಿಡಿಯಲಿಲ್ಲ.

ಸತ್ತ ಮಗನ ಪ್ರತಿರೂಪ

ಆಟಂ ಹುಟ್ಟಿದ್ದು ‘ಶೋನೆನ್’ ಎಂಬ ಬಾಲಕರ ಮಾಸಪತ್ರಿಕೆಯಲ್ಲಿ. 1951ರಲ್ಲಿ ಬೇರೊಂದು ಕಥೆಯ ಪಾತ್ರವಾಗಿ ಬಂದ ಅವನು 1952ರ ಏಪ್ರಿಲಿನಿಂದ ತನ್ನದೇ ಧಾರಾವಾಹಿಯ ನಾಯಕನಾದನು. ಕಥೆ ಹೀಗಿದೆ. ವಿಜ್ಞಾನ ಇಲಾಖೆಯ ಮುಖ್ಯಸ್ಥ ಡಾಕ್ಟರ್ ಟೆನ್ಮಾನ ಒಬ್ಬನೇ ಮಗ ತೊಬಿಯೊ ಮೋಟಾರು ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ದುಃಖದಿಂದ ಬುದ್ಧಿ ಕೆಟ್ಟಂತಾದ ತಂದೆ ತನ್ನ ವಿದ್ಯೆಯನ್ನೆಲ್ಲ ಸುರಿದು ಮಗನ ಪ್ರತಿರೂಪವಾದ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಲಕ್ಷ ಅಶ್ವಶಕ್ತಿಯ ಆ ಬಾಲಕನಿಗೆ ಹಾರಲು ಬರುತ್ತದೆ, ಹತ್ತಾರು ಭಾಷೆಗಳು ಬರುತ್ತವೆ, ಅಳುವುದೂ ನಗುವುದೂ ಬರುತ್ತದೆ. ಒಂದು ಮಾತ್ರ ಬರುವುದಿಲ್ಲ: ಬೆಳೆಯುವುದು. ವರ್ಷ ಕಳೆದರೂ ಅವನ ಎತ್ತರ ಒಂದು ಅಂಗುಲವೂ ಹೆಚ್ಚುವುದಿಲ್ಲ. ಇವನು ನನ್ನ ಮಗನಲ್ಲವೆಂದು ರೇಗಿದ ತಂದೆ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮುಂದೆ ದಪ್ಪ ಮೂಗಿನ, ಮೃದು ಹೃದಯದ ಪ್ರೊಫೆಸರ್ ಒಚನೊಮಿಜು ಆ ಬಾಲಕನನ್ನು ಬಿಡಿಸಿ ತಂದು ಸಾಕುತ್ತಾನೆ.

ಮಕ್ಕಳ ಕಥೆಯೆಂದು ಕೈಗೆತ್ತಿಕೊಂಡ ಹಿರಿಯರ ಎದೆಯನ್ನೂ ಈ ಆರಂಭ ಕಲಕಿದ್ದರಲ್ಲಿ ಆಶ್ಚರ್ಯವಿಲ್ಲ. ಹಿರೋಶಿಮಾ ನಾಗಾಸಾಕಿಗಳು ಉರಿದು ಇನ್ನೂ ಏಳು ವರ್ಷ ತುಂಬಿರಲಿಲ್ಲ. ಅಂಥ ನಾಡಿನಲ್ಲಿ ಪರಮಾಣುವಿನ ಹೆಸರನ್ನು ಹೊತ್ತು, ಪರಮಾಣುವಿನ ಶಕ್ತಿಯಿಂದಲೇ ಬದುಕುವ ಮಗುವೊಂದು ಮನುಷ್ಯರಿಗೂ ಯಂತ್ರಗಳಿಗೂ ನಡುವೆ ನಿಂತು ಶಾಂತಿಗಾಗಿ ಹೋರಾಡುತ್ತದೆ. ಅವನನ್ನು ಮನುಷ್ಯರು ತಮ್ಮವನೆಂದು ಪೂರ್ತಿ ಒಪ್ಪುವುದಿಲ್ಲ. ಯಂತ್ರಗಳೂ ಪೂರ್ತಿ ನಂಬುವುದಿಲ್ಲ. ಆಟಂನ ಬಲಕ್ಕಿಂತ ಅವನ ಈ ಒಂಟಿತನವೇ ಓದುಗರನ್ನು ಹೆಚ್ಚು ಹಿಡಿದಿಟ್ಟಿತು.

ವಾರಕ್ಕೊಂದು ಕಂತು ಸಾಧ್ಯವೇ?

ಜಪಾನಿನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1953ರ ಫೆಬ್ರವರಿಯಲ್ಲಿ. 1959ರಲ್ಲಿ ಯುವರಾಜರ ವಿವಾಹವನ್ನು ನೋಡಲೆಂದು ಮನೆಮನೆಗಳು ಪೆಟ್ಟಿಗೆಯನ್ನು ಕೊಂಡವು. 1962ರ ವೇಳೆಗೆ ಪರವಾನಗಿ ಪಡೆದ ಮನೆಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ಭಾರತದಲ್ಲಿ ಆಗ ಟೆಲಿವಿಷನ್ನೆಂದರೆ ದೆಹಲಿಯ ಒಂದು ಪ್ರಾಯೋಗಿಕ ಕೇಂದ್ರ ಮಾತ್ರ ಎಂಬುದನ್ನು ನೆನೆದರೆ ಆ ವೇಗದ ಅರಿವಾಗುತ್ತದೆ. ಆದರೆ ಜಪಾನೀ ಮಕ್ಕಳು ಆ ಪೆಟ್ಟಿಗೆಯಲ್ಲಿ ನೋಡುತ್ತಿದ್ದ ಕಾರ್ಟೂನುಗಳು ಬಹುಮಟ್ಟಿಗೆ ಅಮೆರಿಕದವು.

ತೆಜುಕಾ 1961ರಲ್ಲಿ ಟೋಕಿಯೊದ ನೆರಿಮಾ ಭಾಗದಲ್ಲಿ, ತಮ್ಮ ಮನೆಯ ಬಳಿಯಲ್ಲೇ, ಬೆರಳೆಣಿಕೆಯ ಸಹಾಯಕರೊಡನೆ ಒಂದು ಚಿತ್ರಶಾಲೆಯನ್ನು ತೆರೆದರು. ಹೆಸರು ‘ಮುಶಿ ಪ್ರೊಡಕ್ಷನ್’. ಹುಳುವನ್ನು ಇಲ್ಲಿಯೂ ಬಿಡಲಿಲ್ಲ! ಬಂಡವಾಳ ಪತ್ರಿಕೆಗಳಿಗೆ ಬರೆದು ಗಳಿಸಿದ ಹಣ. ಅಲ್ಲಿಂದಲೇ ಆಟಂನನ್ನು ಟೆಲಿವಿಷನ್ನಿಗೆ ತರುವ ಯೋಚನೆ ಮೊಳೆತಾಗ ಬಲ್ಲವರು ತಲೆಯಾಡಿಸಿದರು. ಅದಕ್ಕೆ ಕಾರಣವೂ ಇತ್ತು.

ಚಲಿಸುವ ಚಿತ್ರದ ಲೆಕ್ಕ ಸರಳ, ಆದರೆ ಕಠೋರ. ಚಲನಚಿತ್ರದ ಸುರುಳಿಯಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಇಪ್ಪತ್ತೈದು ನಿಮಿಷಗಳ ಕಂತಿಗೆ ಹದಿನೆಂಟು ಸಾವಿರ! ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದು, ಪಾರದರ್ಶಕ ಸೆಲ್ಯುಲಾಯಿಡ್ ಹಾಳೆಗೆ ಇಳಿಸಿ, ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿರಿಸಿ ಕ್ಯಾಮೆರಾದ ಕೆಳಗೆ ಒಂದೊಂದಾಗಿ ಸೆರೆಹಿಡಿಯಬೇಕು. ಚಿತ್ರಮಂದಿರದ ಪೂರ್ಣಾವಧಿಯ ಕಾರ್ಟೂನಿಗೆ ನೂರಾರು ಜನ ತಿಂಗಳುಗಟ್ಟಲೆ ದುಡಿಯುತ್ತಿದ್ದ ಕಾಲದಲ್ಲಿ, ಏಳು ದಿನಕ್ಕೊಂದು ಕಂತನ್ನು ಸಿದ್ಧಪಡಿಸುವುದೆಂದರೆ ಹುಚ್ಚೇ ಸರಿ.

ಅಮೆರಿಕದಲ್ಲಿ ಈ ಹುಚ್ಚಿಗೆ ಒಂದು ಮದ್ದು ಆಗಲೇ ಸಿದ್ಧವಾಗಿತ್ತು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಬಿಬ್ಬರು 1957ರಿಂದ ಟೆಲಿವಿಷನ್ನಿಗಾಗಿ ಮಿತವಾದ ಚಲನೆಯ ಚಿತ್ರಗಳನ್ನು ತಯಾರಿಸುತ್ತಿದ್ದರು. 1960ರಲ್ಲಿ ‘ಫ್ಲಿಂಟ್‌ಸ್ಟೋನ್ಸ್’ ಕುಟುಂಬದ ಮೂಲಕ ಅದು ಮನೆಮಾತಾಗಿತ್ತು. ತೆಜುಕಾ ಆ ಮಿತವ್ಯಯವನ್ನು ಇನ್ನೂ ಬಿಗಿಗೊಳಿಸಿದರು. ಎರಡರ ಬದಲು ಮೂರು ಚೌಕಟ್ಟುಗಳಿಗೆ ಒಂದು ಚಿತ್ರ. ಮಾತನಾಡುವಾಗ ತುಟಿಯೊಂದೇ ಅಲುಗಿದರೆ ಸಾಕು, ಮುಖವೆಲ್ಲ ನಿಶ್ಚಲ. ಬೆರಗು, ದುಃಖ, ಕೋಪಗಳ ಕ್ಷಣದಲ್ಲಿ ಒಂದೇ ಸ್ಥಿರಚಿತ್ರ. ಅದರ ಮೇಲೆ ಕ್ಯಾಮೆರಾ ಮೆಲ್ಲನೆ ಜಾರುತ್ತದೆ. ಒಮ್ಮೆ ಬರೆದ ಹಾರಾಟವನ್ನು, ಓಟವನ್ನು, ಹೊಡೆದಾಟವನ್ನು ಎಸೆಯದೆ ಸಂಖ್ಯೆ ಹಾಕಿ ಕಪಾಟಿನಲ್ಲಿಟ್ಟು, ಮುಂದಿನ ಕಂತಿನಲ್ಲಿ ಹಿನ್ನೆಲೆಯನ್ನು ಮಾತ್ರ ಬದಲಿಸಿ ಮತ್ತೆ ಬಳಸುವುದು. ಈ ಕಪಾಟಿಗೆ ಅವರು ಇಟ್ಟ ಹೆಸರು ‘ಬ್ಯಾಂಕು’. ಇಟ್ಟ ಠೇವಣಿಯನ್ನು ಬೇಕಾದಾಗ ತೆಗೆದುಕೊಳ್ಳಬಹುದಷ್ಟೆ! ಹೀಗೆ ಹದಿನೆಂಟು ಸಾವಿರದ ಲೆಕ್ಕ ಎರಡು ಸಾವಿರದ ಆಸುಪಾಸಿಗೆ ಇಳಿಯಿತು.

ಚಲನೆಯಲ್ಲಿ ಕಳೆದುಕೊಂಡದ್ದನ್ನು ಕಥೆಯಲ್ಲಿ, ದೃಶ್ಯಗಳ ಜೋಡಣೆಯಲ್ಲಿ, ಶಬ್ದದಲ್ಲಿ ತುಂಬಿಕೊಡಲು ಅವರು ಯತ್ನಿಸಿದರು. ಆಟಂಗೆ ದನಿಯಾದವರು ಮಾರಿ ಶಿಮಿಜು ಎಂಬ ನಟಿ. ಅವನ ಹೆಜ್ಜೆಯ ಸಪ್ಪಳವನ್ನೂ ಹಾರಾಟದ ಗುಂಯ್‌ಗುಡುವಿಕೆಯನ್ನೂ ಮಾತ್ಸುವೊ ಓನೊ ಎಂಬ ಶಬ್ದತಜ್ಞರು ವಿದ್ಯುದ್ಯಂತ್ರಗಳಿಂದಲೂ ಟೇಪಿನಿಂದಲೂ ಹೊಸದಾಗಿ ಹುಟ್ಟಿಸಿದರು. ಶೀರ್ಷಿಕೆಯ ಸಂಗೀತಕ್ಕೆ ಆರಂಭದಲ್ಲಿ ಸಾಹಿತ್ಯವಿರಲಿಲ್ಲ. ಮುಂದೆ ಅದಕ್ಕೆ ಪದಗಳನ್ನು ಹೊಸೆದವರು ಜಪಾನಿನ ಹೆಸರಾಂತ ಕವಿ ಶುಂತಾರೊ ತನಿಕಾವಾ.

ಬೆಲೆಯ ಮಾತು

ಇಷ್ಟಾದ ಮೇಲೆ ಉಳಿದದ್ದು ಬೆಲೆಯ ಮಾತು. ಪ್ರಾಯೋಜಕರು ಎಷ್ಟು ಕೊಟ್ಟಾರು? ಮಾನವ ನಟರ ಅರ್ಧ ಗಂಟೆಯ ಮಕ್ಕಳ ನಾಟಕಕ್ಕೆ ಸಲ್ಲುತ್ತಿದ್ದ ಹಣದ ಮಟ್ಟವನ್ನು ಮೀರಿ ಕೇಳಿದರೆ ಅವರು ಹಿಂದೆ ಸರಿಯುವರೆಂಬ ಭಯ ತೆಜುಕಾ ಅವರಿಗೆ ಇತ್ತು. ಇನ್ನೊಂದು ಲೆಕ್ಕವೂ ಅವರ ಮನಸ್ಸಿನಲ್ಲಿತ್ತು: ತಾವು ಬೆಲೆಯನ್ನು ತೀರ ಇಳಿಸಿದರೆ ಬೇರೆ ಯಾವ ಸಂಸ್ಥೆಯೂ ಸ್ಪರ್ಧೆಗೆ ಬರಲಾರದು. ಅವರೇ ಮುಂದೆ ಹೇಳಿಕೊಂಡಂತೆ, ಒಂದು ಕಂತಿಗೆ 5,50,000 ಯೆನ್ನಿಗೆ ಒಪ್ಪಿಕೊಂಡರು. ಅಂದಿನ ವಿನಿಮಯದ ದರದಲ್ಲಿ ಅದು 1,500 ಡಾಲರುಗಳಿಗಿಂತ ತುಸು ಹೆಚ್ಚು. ಸಂಸ್ಥೆಯ ಕೈಸೇರಿದ ನಿಜವಾದ ಮೊತ್ತ ಇದಕ್ಕಿಂತ ದೊಡ್ಡದಿತ್ತೆಂದು ಮುಂದಿನ ಸಂಶೋಧಕರು ವಾದಿಸಿದ್ದುಂಟು. ಆದರೆ ಎಷ್ಟೇ ಹೆಚ್ಚಾಗಿದ್ದರೂ ಅದು ಕಂತಿನ ಖರ್ಚನ್ನು ತುಂಬುತ್ತಿರಲಿಲ್ಲವೆಂಬುದರಲ್ಲಿ ಯಾರಿಗೂ ಭಿನ್ನಮತವಿಲ್ಲ. ಕೊರತೆಯನ್ನು ತೆಜುಕಾ ತಮ್ಮ ಪತ್ರಿಕಾ ಬರವಣಿಗೆಯ ಸಂಪಾದನೆಯಿಂದ ತುಂಬಿದರು. ಉಳಿದುದನ್ನು ಅವರ ಸಹಾಯಕರು ನಿದ್ರೆಯನ್ನು ಬಿಟ್ಟು ತುಂಬಿದರು.

ಹಗಲು ಯಾವುದು, ಇರುಳು ಯಾವುದು ಎಂಬುದು ಆ ಚಿತ್ರಶಾಲೆಯವರಿಗೆ ಮರೆತೇಹೋಯಿತು. ಮೇಜಿನ ಕೆಳಗೆ ಮಲಗಿ, ಎದ್ದು, ಮತ್ತೆ ಬರೆಯುವುದು. ತೆಜುಕಾ ಒಂದೆಡೆ ಪತ್ರಿಕೆಗಳಿಗೆ ಧಾರಾವಾಹಿಗಳನ್ನು ಬರೆಯುತ್ತ, ಇನ್ನೊಂದೆಡೆ ಕಂತಿನ ದೃಶ್ಯಗಳನ್ನು ಹಂಚಿಕೊಡುತ್ತಿದ್ದರು. ಒಂದು ಕಂತು ಪ್ರಸಾರವಾಗುವ ವೇಳೆಗೆ ಮುಂದಿನದು ತಲೆಯ ಮೇಲೆ ಬಂದು ಕೂತಿರುತ್ತಿತ್ತು.

ಮಿಠಾಯಿಯ ಸಮರ

ಫಲ ಮಾತ್ರ ಬೆರಗುಗೊಳಿಸುವಂತಿತ್ತು. ಮೊದಲ ಕಂತನ್ನೇ ಶೇಕಡ 27.4ರಷ್ಟು ಮನೆಗಳು ನೋಡಿದವು. ಮುಂದಿನ ವರ್ಷದ ಜನವರಿಯಲ್ಲಿ ಈ ಪ್ರಮಾಣ ಶೇಕಡ 40.3ನ್ನು ಮುಟ್ಟಿತು. ಪ್ರಾಯೋಜಕರು ಮೇಜಿ ಎಂಬ ಮಿಠಾಯಿ ಸಂಸ್ಥೆಯವರು. ಅವರು ತಮ್ಮ ಮಾರ್ಬಲ್ ಚಾಕೊಲೇಟಿನೊಡನೆ ಆಟಂ ಚಿತ್ರದ ಅಂಟುಚೀಟಿಯನ್ನು ಕೊಡಲಾರಂಭಿಸಿದರು. ಮಕ್ಕಳು ಪುಸ್ತಕ, ಮೇಜು, ಬಾಗಿಲು, ಎಲ್ಲೆಂದರಲ್ಲಿ ಆಟಂನನ್ನು ಅಂಟಿಸಿದರು.

ಅಗ್ಗದ ಬೆಲೆಯಿಂದ ಸ್ಪರ್ಧಿಗಳನ್ನು ದೂರವಿಡುವ ತೆಜುಕಾ ಅವರ ಲೆಕ್ಕ ಇಲ್ಲಿ ತಲೆಕೆಳಗಾಯಿತು. ಕಾರ್ಟೂನು ಚಾಕೊಲೇಟನ್ನು ಮಾರಬಲ್ಲದೆಂದು ಕಂಡ ಮೇಲೆ ಸುಮ್ಮನಿರುವವರು ಯಾರು? ಅದೇ ವರ್ಷದ ಅಕ್ಟೋಬರ್ 20ರಂದು ಗ್ಲಿಕೊ ಮಿಠಾಯಿಯವರ ಪ್ರಾಯೋಜಕತ್ವದಲ್ಲಿ ‘ತೆತ್ಸುಜಿನ್ 28’ ಎಂಬ ದೈತ್ಯ ಯಂತ್ರಮಾನವ ಬಂದನು. ನವೆಂಬರಿನಲ್ಲಿ ‘ಎಯ್ಟ್ ಮ್ಯಾನ್’ ಬಂದನು. ನವೆಂಬರ್ 25ರಂದು, ಚಿತ್ರಮಂದಿರದ ಕಾರ್ಟೂನುಗಳಿಗೆ ಹೆಸರಾದ ತೋಯೆ ಸಂಸ್ಥೆ, ಮೊರಿನಾಗಾ ಮಿಠಾಯಿಯವರ ಬೆಂಬಲದಿಂದ, ‘ತೋಳದ ಹುಡುಗ ಕೆನ್’ ಎಂಬ ತನ್ನ ಮೊದಲ ಟೆಲಿವಿಷನ್ ಮಾಲೆಯನ್ನು ಹೊರತಂದಿತು. ವರ್ಷದ ಮೊದಲ ದಿನ ಒಂದೇ ಒಂದಾಗಿದ್ದ ಪೈರು ವರ್ಷ ಮುಗಿಯುವುದರೊಳಗೆ ಗದ್ದೆಯಾಗಿತ್ತು. ಆದರೆ ಹೊಸಬರಿಗೆಲ್ಲ ಪ್ರಾಯೋಜಕರು ತೋರಿಸಿದ ಅಳತೆಗೋಲು ಆಟಂನ ಬೆಲೆಯೇ.

ಸಾಗರದಾಚೆ

ಆ ವರ್ಷವೇ ಆಟಂ ಪೆಸಿಫಿಕ್ ಸಾಗರವನ್ನೂ ದಾಟಿದನು. ಅಮೆರಿಕದ ಎನ್.ಬಿ.ಸಿ. ಸಂಸ್ಥೆಯ ಮಾರಾಟ ವಿಭಾಗ 52 ಕಂತುಗಳನ್ನು ಕಂತಿಗೆ 10,000 ಡಾಲರಿನಂತೆ ಕೊಂಡುಕೊಂಡಿತು. ಸ್ವದೇಶದಲ್ಲಿ ಪಡೆದುದಕ್ಕಿಂತ ಅನೇಕ ಪಟ್ಟು ಹೆಚ್ಚು! ಫ್ರೆಡ್ ಲ್ಯಾಡ್ ಎಂಬುವರ ಮೇಲ್ವಿಚಾರಣೆಯಲ್ಲಿ ಮಾತುಗಳು ಇಂಗ್ಲಿಷಿಗೆ ಬಂದವು. ಹುಡುಗನಿಗೆ ‘ಆಸ್ಟ್ರೋ ಬಾಯ್’ ಎಂಬ ಹೊಸ ಹೆಸರು ಬಂದಿತು. 1963ರ ಸೆಪ್ಟೆಂಬರ್ 7ರಂದು ಅಮೆರಿಕದ ಮಕ್ಕಳು ಅವನನ್ನು ಮೊದಲು ಕಂಡರು. ಅದು ಜಪಾನಿನಲ್ಲಿ ತಯಾರಾದದ್ದೆಂಬುದು ಆ ಮಕ್ಕಳಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಹದಿನೆಂಟು ವರ್ಷಗಳ ಹಿಂದೆ ಒಂದರ ಮೇಲೊಂದು ಬಾಂಬಿನ ಮಳೆ ಸುರಿಸಿದ್ದ ನಾಡಿನ ಮಕ್ಕಳು, ಆ ಮಳೆಯನ್ನು ಕಂಡು ಉಳಿದವನೊಬ್ಬನು ಬರೆದ ಬಾಲಕನನ್ನು ತಮ್ಮ ಗೆಳೆಯನೆಂದು ಭಾವಿಸಿದರು. ಮರುವರ್ಷ ನ್ಯೂಯಾರ್ಕಿನ ಜಾಗತಿಕ ಮೇಳದಲ್ಲಿ ತೆಜುಕಾ ತಮ್ಮ ಬಾಲ್ಯದ ಆರಾಧ್ಯದೈವ ವಾಲ್ಟ್ ಡಿಸ್ನಿಯವರನ್ನು ಕಂಡು ಮಾತನಾಡಿದರು. ಡಿಸ್ನಿಯವರ ‘ಬ್ಯಾಂಬಿ’ಯನ್ನು ಎಂಬತ್ತು ಸಲ ನೋಡಿದ್ದೇನೆಂದು ಹೇಳಿಕೊಳ್ಳುತ್ತಿದ್ದ ಮನುಷ್ಯನಿಗೆ ಅದೊಂದು ಸಾರ್ಥಕ ಕ್ಷಣವೇ ಆಗಿರಬೇಕು.

ಸಾಲವೂ ಸಂತತಿಯೂ

ಆಟಂ 193 ಕಂತುಗಳವರೆಗೆ ಬದುಕಿದನು. 1966ರ ಡಿಸೆಂಬರ್ 31ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ, ಮಿತಿಮೀರಿ ಉರಿಯುತ್ತಿದ್ದ ಸೂರ್ಯನನ್ನು ಶಮನಗೊಳಿಸಿ ಭೂಮಿಯನ್ನು ಉಳಿಸಲು ಅವನು ತಾನೇ ಸೂರ್ಯನ ಒಡಲಿಗೆ ಹಾರಿದನು. ವರ್ಷದ ಕೊನೆಯ ರಾತ್ರಿ ಜಪಾನಿನ ಎಷ್ಟು ಮನೆಗಳಲ್ಲಿ ಮಕ್ಕಳು ಅತ್ತರೋ!

ಅವನನ್ನು ಹೆತ್ತ ಸಂಸ್ಥೆಯ ಗತಿಯೂ ಅದಕ್ಕಿಂತ ಬಹಳ ಭಿನ್ನವಾಗಲಿಲ್ಲ. 1965ರಲ್ಲಿ ಅದು ಜಪಾನಿನ ಮೊದಲ ವರ್ಣಮಯ ಟೆಲಿವಿಷನ್ ಕಾರ್ಟೂನು ಮಾಲೆ ‘ಕಾಡಿನ ಚಕ್ರವರ್ತಿ’ಯನ್ನು ತಯಾರಿಸಿ ಕೀರ್ತಿ ಪಡೆಯಿತು. ಆದರೆ ಸಾಲ ಬೆಳೆಯುತ್ತಲೇ ಇತ್ತು. 1971ರಲ್ಲಿ ತೆಜುಕಾ ಅಧ್ಯಕ್ಷತೆಯನ್ನು ಬಿಟ್ಟರು. 1973ರಲ್ಲಿ ಮುಶಿ ಪ್ರೊಡಕ್ಷನ್ ದಿವಾಳಿಯೆದ್ದಿತು. ಇನ್ನು ಇವರ ಕಾಲ ಮುಗಿಯಿತೆಂದು ಜನ ಆಡಿಕೊಂಡರು. ಅದೇ ವರ್ಷ ಅವರು ಪರವಾನಗಿಯಿಲ್ಲದ ಶಸ್ತ್ರವೈದ್ಯನೊಬ್ಬನ ಕಥೆ ‘ಬ್ಲ್ಯಾಕ್ ಜ್ಯಾಕ್’ ಅನ್ನು ಆರಂಭಿಸಿದರು. ಯೌವನದಲ್ಲಿ ಬಿಟ್ಟುಬಂದಿದ್ದ ವೈದ್ಯವಿದ್ಯೆ ಕಷ್ಟಕಾಲದಲ್ಲಿ ಕೈಹಿಡಿದು ಮತ್ತೆ ಮೇಲೆತ್ತಿತು. ಕಪಿಲವಸ್ತುವಿನ ರಾಜಕುಮಾರ ಸಿದ್ಧಾರ್ಥನ ಕಥೆಯನ್ನು ‘ಬುದ್ಧ’ ಎಂಬ ಹೆಸರಿನಿಂದ 1972ರಿಂದ 1983ರವರೆಗೆ ಸಾವಿರಾರು ಪುಟಗಳ ಚಿತ್ರಕಾವ್ಯವಾಗಿ ಬರೆದವರೂ ಇವರೇ. 1989ರ ಫೆಬ್ರವರಿ 9ರಂದು, ಅರವತ್ತನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲಿಯೂ ಪೆನ್ಸಿಲನ್ನು ಕೆಳಗಿಡಲಿಲ್ಲ.

ದೇಶವೆಲ್ಲ ಶೋಕಿಸುತ್ತಿದ್ದಾಗ ಒಂದು ಕಟುವಾದ ದನಿಯೂ ಕೇಳಿಬಂದಿತು. ಅದು ಇಂದು ವಿಶ್ವವಿಖ್ಯಾತರಾಗಿರುವ ಚಿತ್ರನಿರ್ದೇಶಕ ಹಯಾವೊ ಮಿಯಾಜಾಕಿಯವರದು. ಚಿತ್ರಕಥೆಗಾರರಾಗಿ ತೆಜುಕಾ ಅವರ ಹಿರಿಮೆಯನ್ನು ಒಪ್ಪಿಕೊಂಡ ಅವರು, ಆಟಂನಿಗೆ ಅಷ್ಟು ಕಡಿಮೆ ಬೆಲೆಯನ್ನು ಗೊತ್ತುಮಾಡಿದ್ದರಿಂದ ಮುಂದೆ ಇಡೀ ಉದ್ಯಮ ಕೊರತೆಯ ಹಣದಲ್ಲೇ ಏಗಬೇಕಾಯಿತೆಂದು ದೂರಿದರು. ಸಾವಿರಾರು ಚಿತ್ರಕಾರರು ಇಂದಿಗೂ ಅಲ್ಪ ಸಂಬಳಕ್ಕೆ ರಾತ್ರಿಗಳನ್ನು ಒತ್ತೆಯಿಡುತ್ತಿರುವುದನ್ನು ಕಂಡವರು ಈ ದೂರನ್ನು ತಳ್ಳಿಹಾಕಲಾರರು. ಆದರೆ ಆ ಬೆಲೆಗೆ ಒಪ್ಪದಿದ್ದರೆ ಆಟಂ ಆ ವರ್ಷ ಪರದೆಗೆ ಬರುತ್ತಲೂ ಇರಲಿಲ್ಲ. ತೆಜುಕಾ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದು ತಾವು ಸಿರಿವಂತರಾದವರೂ ಅಲ್ಲ. ತಮ್ಮ ಗಳಿಕೆಯನ್ನೆಲ್ಲ ಆ ಒಲೆಗೇ ಸುರಿದವರು. ಕಲೆಯ ಮೇಲಿನ ಪ್ರೀತಿ ಒಬ್ಬನನ್ನು ತನ್ನ ಶ್ರಮವನ್ನು ಅಗ್ಗಕ್ಕೆ ಕೊಡುವಂತೆ ಮಾಡಬಹುದು. ಅವನ ಮಟ್ಟಿಗೆ ಅದು ತ್ಯಾಗ. ಅವನ ಹಿಂದೆ ಬರುವವರಿಗೆ ಅದೇ ಕಟ್ಟುಪಾಡಾಗಿಬಿಡುತ್ತದೆ. ಆ ವರ್ಷದ ಕಥೆಯಲ್ಲಿ ಅಡಗಿರುವ ಕಹಿಸತ್ಯ ಇದು.

ಸಿಹಿಯ ಭಾಗವೂ ಸಣ್ಣದಲ್ಲ. ನಿದ್ರೆಗೆಟ್ಟು ದುಡಿದ ಆ ಮೇಜುಗಳಿಂದಲೇ ರಿಂತಾರೊ, ಒಸಾಮು ದೆಜಾಕಿ, ಯೊಶಿಯುಕಿ ತೊಮಿನೊ ಮೊದಲಾದ ಮುಂದಿನ ತಲೆಮಾರಿನ ನಿರ್ದೇಶಕರು ಎದ್ದುಬಂದರು. 1972ರಲ್ಲಿ ಹುಟ್ಟಿದ ‘ಮ್ಯಾಡ್‌ಹೌಸ್’, ‘ಸನ್‌ರೈಸ್’ ಎಂಬ ದೊಡ್ಡ ಚಿತ್ರಶಾಲೆಗಳನ್ನು ಕಟ್ಟಿದವರೂ ಮುಶಿಯಿಂದ ಹೊರಬಂದವರೇ. ಕೈಯಲ್ಲಿ ಹಣವಿಲ್ಲದೆ ಕಂಡುಕೊಂಡ ಉಪಾಯಗಳು, ಎಂದರೆ ಆ ಸ್ಥಿರಚಿತ್ರ, ಆ ದೀರ್ಘ ಮೌನ, ಕಣ್ಣುಗಳ ಮೇಲೆ ನಿಂತುಬಿಡುವ ಆ ಕ್ಯಾಮೆರಾ, ಕಾಲಕ್ರಮದಲ್ಲಿ ಜಪಾನೀ ಕಾರ್ಟೂನಿನ ಸ್ವಂತ ಶೈಲಿಯೆಂದೇ ಹೆಸರಾದವು.

ಮೂಲಕಥೆಯ ಪ್ರಕಾರ ಆಟಂ ಹುಟ್ಟಿದ್ದು 2003ರ ಏಪ್ರಿಲ್ 7ರಂದು. 1952ರ ಓದುಗರಿಗೆ ಅದು ಎಟುಕದ ದೂರದ ಭವಿಷ್ಯ. ಆ ದಿನ ನಿಜವಾಗಿಯೇ ಬಂದಾಗ ನೀಜಾ ನಗರದ ಪೌರಸಭೆಯವರು ಅವನನ್ನು ತಮ್ಮೂರಿನ ವಿಶೇಷ ನಿವಾಸಿಯೆಂದು ದಾಖಲೆಯಲ್ಲಿ ಬರೆದುಕೊಂಡರು. ಕಥೆಯಲ್ಲಿ ಅವನ ಜನ್ಮಸ್ಥಳವಾದ ಟೋಕಿಯೊದ ತಕದನೊಬಾಬಾ ನಿಲ್ದಾಣದಲ್ಲಿ ರೈಲು ಹೊರಡುವ ಸೂಚನೆಯಾಗಿ ಅವನ ಹಾಡಿನ ರಾಗವನ್ನೇ ಇಟ್ಟರು. ತಂದೆಯೇ ಮಗನಲ್ಲವೆಂದು ಮಾರಿಬಿಟ್ಟ ಹುಡುಗನನ್ನು ಹೀಗೆ ಒಂದು ಊರೇ ತನ್ನವನೆಂದು ಬರೆಸಿಕೊಂಡಿತು.